ಕೇಪಿನ ಕೋವಿ: ಮದ್ದು ಮೊದಲು, ಕೇಪು ಕೊನೆಗೆ

ಭತ್ತ ಹಾಲುಗಟ್ಟುವ ಹೊತ್ತಿಗೆ ಉಳವಿ, ಗುಂದ, ಕುಂಬಾರವಾಡದ ಆಸುಪಾಸಿನ ರೈತರು ರಾತ್ರಿ ಮನೆಯಲ್ಲಿ ಮಲಗುವುದು ಕಡಿಮೆ. ಗದ್ದೆಯಂಚಿನ ಮಾಳದಲ್ಲಿ ಕಂಬಳಿ ಹೊದ್ದು ಕೂತಿರುತ್ತಾರೆ. ಹಂದಿ ಹಿಂಡು ನುಗ್ಗಿತೆಂದರೆ ಬೆಳಗಾಗುವುದರೊಳಗೆ ಗದ್ದೆಯ ಒಂದು ಮೂಲೆ ನೆಲಸಮ. ಜೋಯಿಡಾದ ಕುಣಬಿಗಳು ಹಿತ್ತಿಲಲ್ಲಿ ಬೆಳೆಯುವ ಗೆಡ್ಡೆಗೆಣಸಿನ ಮೇಲಂತೂ ಹಂದಿಗೆ ಎಲ್ಲಿಲ್ಲದ ಆಸೆ. ಹಳಿಯಾಳ, ಮುಂಡಗೋಡದ ಕಡೆಗೆ ಹೋದರೆ ಸುಗ್ಗಿಯ ಮುಂಚೆ ಆನೆಗಳ ಸವಾರಿ ಬೇರೆ. ಡಬ್ಬ ಬಡಿಯುವುದು, ಪಟಾಕಿ ಹಚ್ಚುವುದು, ದೊಂದಿ ಬೀಸುವುದು ಎಲ್ಲ ಆದ ಮೇಲೆ ಕೆಲವು ಮನೆಗಳಲ್ಲಿ ಕೊನೆಗೆ ಕೈಗೆ ಬರುವುದು ಅಜ್ಜನ ಕಾಲದ ಒಂಟಿನಳಿಗೆಯ ಕೇಪಿನ ಕೋವಿ. ಪೊಲೀಸ್ ಕಾಗದದಲ್ಲಿ ಅದರ ಹೆಸರು ಎಸ್‌ಬಿಎಂಎಲ್, ಅಂದರೆ ಸಿಂಗಲ್ ಬ್ಯಾರೆಲ್ ಮಝಲ್ ಲೋಡಿಂಗ್.

ಈ ಕೋವಿಯನ್ನು ಕಾನೂನೇ ರೈತನ ಆಯುಧ ಎಂದು ಗುರುತಿಸಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ, ಬೆಳೆ ರಕ್ಷಣೆಗೆಂದು ಪ್ರಾಮಾಣಿಕವಾಗಿ ಕೇಳುವವರಿಗೆ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಯ ಲೈಸೆನ್ಸ್ ಕೊಡಬೇಕು ಎನ್ನುತ್ತದೆ. ಆ ಕೋವಿ ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ಬಗೆಯ ನಯನಳಿಗೆಯ ಬಂದೂಕು. ಹೀಗಾಗಿ ತೋಟಾ ಕೋವಿಗಳ ಕಾಲದಲ್ಲೂ ಈ ಹಳೆಯ ಯಂತ್ರ ನಮ್ಮ ಕಡೆ ಉಳಿದುಕೊಂಡಿದೆ. ಕೋವಿ ಉಳಿದರೂ ಅದನ್ನು ತುಂಬುವ ಶಿಸ್ತು ಉಳಿದಿಲ್ಲ. ಹಿಂದೆ ಅಪ್ಪ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಡುತ್ತಿದ್ದ. ಈಗ ಮಗ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಇದ್ದು ಹಬ್ಬಕ್ಕೆ ಬಂದಾಗ ನೇರ ಕೋವಿಗೇ ಕೈ ಹಾಕುತ್ತಾನೆ. ಲೈಸೆನ್ಸ್ ಇಟ್ಟುಕೊಂಡವರಿಗಾಗಿ, ಲೈಸೆನ್ಸ್‌ದಾರರ ಮನೆಯವರಿಗಾಗಿ ಈ ಬರಹ.

ಕೋವಿಯ ಒಳಗೆ ಏನಿದೆ

ತೋಟಾ ಕೋವಿಯನ್ನು ಮುರಿದು ನೋಡಿದರೆ ಒಳಗೆ ತೋಟಾ ಇದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ಕೇಪಿನ ಕೋವಿಗೆ ಆ ಅನುಕೂಲ ಇಲ್ಲ. ಅದರ ಹಿಂಬದಿ ಮುಚ್ಚಿದೆ, ಎಲ್ಲವೂ ಬಾಯಿಯಿಂದಲೇ ಒಳಗೆ ಹೋಗಬೇಕು. ತುಂಬಿದ ಕೋವಿಗೂ ಖಾಲಿ ಕೋವಿಗೂ ಹೊರಗಿನಿಂದ ಕೂದಲಷ್ಟೂ ವ್ಯತ್ಯಾಸ ತೋರುವುದಿಲ್ಲ. ಈ ಕೋವಿಯ ಅಪಘಾತಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲಿಂದ ಎಂದು ನಾನು ನಂಬಿದ್ದೇನೆ.

ನಳಿಗೆಯ ಬುಡದಲ್ಲಿ ಸಣ್ಣ ತೂತಿರುವ ಒಂದು ಮೊಳೆ ಇದೆ. ಅದರ ಹೆಸರು ನಿಪ್ಪಲ್. ಅದರ ಮೇಲೆ ತಾಮ್ರದ ಪುಟ್ಟ ಟೋಪಿ ಕೂರುತ್ತದೆ, ಅದೇ ಕೇಪು. ಕೇಪಿನೊಳಗೆ ಪೆಟ್ಟು ಬಿದ್ದರೆ ಸಿಡಿಯುವ ರಾಸಾಯನಿಕದ ತೆಳುಪದರ. ಕುದುರೆ ಎಂದು ಕರೆಯುವ ಕೋವಿಯ ಸುತ್ತಿಗೆ ಬಂದು ಬಡಿದಾಗ ಕೇಪು ಸಿಡಿದು, ಕಿಡಿ ಆ ತೂತಿನೊಳಗೆ ನುಗ್ಗಿ, ನಳಿಗೆಯ ತಳದ ಮದ್ದಿಗೆ ತಗಲುತ್ತದೆ. ಹಿಂದಿನ ಚಕಮಕಿ ಕೋವಿಗಳಲ್ಲಿ ಕಿಡಿ ಹೊರಗೆ ಕಾಣಿಸಿ, ಸದ್ದಾಗಿ, ಗುಂಡು ಹೊರಡುವುದರೊಳಗೆ ಹಕ್ಕಿ ಹಾರಿಹೋಗುತ್ತಿತ್ತು. ಇದರಿಂದ ರೋಸಿದ ಸ್ಕಾಟ್ಲೆಂಡಿನ ಪಾದ್ರಿ, ಬೇಟೆಯ ಹುಚ್ಚಿನ ಅಲೆಕ್ಸಾಂಡರ್ ಫೋರ್ಸಿತ್, ಪೆಟ್ಟಿಗೆ ಸಿಡಿಯುವ ಪುಡಿ ಬಳಸುವ ವಿಧಾನ ಕಂಡುಹಿಡಿದು 1807ರಲ್ಲಿ ಪೇಟೆಂಟ್ ಪಡೆದ. ತಾಮ್ರದ ಕೇಪು ಬಂದದ್ದು ಆಮೇಲೆ. ಮಳೆಗಾಲದಲ್ಲೂ ಕೋವಿ ಹೊಡೆಯಬಹುದು ಎಂಬ ಧೈರ್ಯ ಬಂದದ್ದು ಈ ಕೇಪಿನಿಂದ. ಜೋಯಿಡಾದ ಮಳೆಯ ಮುಂದೆ ಆ ಧೈರ್ಯಕ್ಕೂ ಒಂದು ಮಿತಿಯಿದೆ, ಅದನ್ನು ಮುಂದೆ ಹೇಳುತ್ತೇನೆ.

ಮದ್ದು ಎಂದರೆ ಕರಿಮದ್ದು: ಪೆಟ್ಲುಪ್ಪು, ಇದ್ದಿಲು, ಗಂಧಕದ ಮಿಶ್ರಣ. ಇದನ್ನು ಮನೆಯಲ್ಲಿ ಅರೆಯುವ, ಪಟಾಕಿ ಬಿಚ್ಚಿ ಸುರಿದುಕೊಳ್ಳುವ ಚಟ ಕೆಲವರಿಗಿದೆ. ಕೈ ಸುಟ್ಟುಕೊಂಡವರನ್ನು ನೋಡಿದವರು ಆ ಕೆಲಸಕ್ಕೆ ಹೋಗುವುದಿಲ್ಲ, ಮೇಲಾಗಿ ಅದು ಅಪರಾಧ. ಲೈಸೆನ್ಸ್ ಇರುವ ಅಂಗಡಿಯಿಂದ, ಲೈಸೆನ್ಸ್ ಪುಸ್ತಕದಲ್ಲಿ ಬರೆದ ಮಿತಿಯೊಳಗೆ ಕೊಳ್ಳಬೇಕು. ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ತೋಟಾದೊಳಗಿನ ಹೊಗೆಯಿಲ್ಲದ ಮದ್ದನ್ನು ತೆಗೆದು ಕೇಪಿನ ಕೋವಿಗೆ ಸುರಿಯುವುದು. ನೋಡಲು ಅದೂ ಪುಡಿಯೇ. ಆದರೆ ಅದರ ಒತ್ತಡವನ್ನು ತಡೆಯುವ ಶಕ್ತಿ ಹಳೆಯ ನಳಿಗೆಗೆ ಇಲ್ಲ. ನಳಿಗೆ ಸೀಳುವುದು ಹೆಚ್ಚಾಗಿ ಬುಡದಲ್ಲಿ, ಅಂದರೆ ಎಡಗೈ ಹಿಡಿದಿರುವ, ಮುಖ ತಾಗಿರುವ ಜಾಗದ ಹತ್ತಿರ. ಒಂದು ಚಿಟಿಕೆ ಬೆರೆಸಿದರೆ ಏನಾಗುತ್ತದೆ ಎಂಬ ಪ್ರಶ್ನೆಯೇ ಬೇಡ.

ತುಂಬುವ ಕ್ರಮ

ಮೊದಲು ಖಾಲಿ ಇದೆಯೇ ನೋಡಿ. ಕೇಪು ಇಲ್ಲವೆಂದು ಖಾತ್ರಿ ಮಾಡಿಕೊಂಡು, ಬಾಯನ್ನು ಮುಖದಿಂದ ದೂರ ಓರೆಯಾಗಿ ಹಿಡಿದು ಗಜವನ್ನು, ಅಂದರೆ ಮದ್ದು ಒತ್ತುವ ಉದ್ದನೆಯ ಕೋಲನ್ನು, ನಳಿಗೆಯೊಳಗೆ ತಳ ಮುಟ್ಟುವವರೆಗೆ ಇಳಿಸಿ. ಬಾಯಿಯ ಮಟ್ಟಕ್ಕೆ ಗಜದ ಮೇಲೆ ಒಂದು ಗೀರು ಹಾಕಿ. ಇದು ಖಾಲಿ ಕೋವಿಯ ಗೀರು. ಸರಿಯಾದ ಅಳತೆಯ ಮದ್ದು, ಗುಂಡು ತುಂಬಿದ ಮೇಲೆ ಮತ್ತೆ ಗಜ ಇಳಿಸಿ ಇನ್ನೊಂದು ಗೀರು ಹಾಕಿ. ಇದು ತುಂಬಿದ ಕೋವಿಯ ಗೀರು. ಇಷ್ಟು ಮಾಡಿಟ್ಟರೆ ಮುಂದೆ ಯಾರ ಕೈಗೆ ಕೋವಿ ಬಂದರೂ ಗಜ ಇಳಿಸಿ ನೋಡಿ ಒಳಗೆ ಏನಿದೆ ಎಂದು ಹೇಳಬಹುದು. ಎರಡನೇ ಗೀರಿಗಿಂತಲೂ ಗಜ ಮೇಲೆ ನಿಂತರೆ ಯಾರೋ ಮರೆತು ಎರಡು ಸಲ ತುಂಬಿದ್ದಾರೆ ಎಂದು ಅರ್ಥ. ಆ ಕೋವಿಯನ್ನು ಹೊಡೆಯಬೇಡಿ. ಹಳಬರ ಕೋವಿಗಳ ಗಜದ ಮೇಲೆ ಈ ಗೀರುಗಳನ್ನು ನಾನು ನೋಡಿದ್ದೇನೆ. ಚಾಕುವಿನಲ್ಲಿ ಕೆತ್ತಿ, ಎಣ್ಣೆ ಮಸಿ ತುಂಬಿ, ಬೆರಳಿಗೆ ಕತ್ತಲಲ್ಲೂ ಸಿಗುವಂತೆ ಮಾಡಿರುತ್ತಿದ್ದರು.

ಬಹಳ ದಿನ ಎಣ್ಣೆ ಹಚ್ಚಿ ಇಟ್ಟ ಕೋವಿಯಾದರೆ ನಳಿಗೆಯನ್ನು ಒಣಬಟ್ಟೆಯಿಂದ ಒರೆಸಿ, ನಿಪ್ಪಲ್ಲಿನ ತೂತಿಗೆ ತೆಳು ತಂತಿ ಹಾಕಿ ಬಿಡಿಸಿ. ಆಮೇಲೆ ಖಾಲಿ ನಳಿಗೆಗೆ ಬರೀ ಒಂದು ಕೇಪು ಹಾಕಿ, ಬಾಯನ್ನು ನೆಲದ ಮೇಲಿನ ಒಂದು ಹುಲ್ಲುಗರಿಯ ಸಮೀಪ ಹಿಡಿದು ಹೊಡೆಯಿರಿ. ಹುಲ್ಲು ಅಲುಗಿದರೆ ದಾರಿ ತೆರೆದಿದೆ. ಅಲುಗದಿದ್ದರೆ ತೂತಿನಲ್ಲಿ ಎಣ್ಣೆ ಕಟ್ಟಿದೆ, ಮತ್ತೆ ಬಿಡಿಸಬೇಕು. ಈ ಕೆಲಸಕ್ಕೆ ಸೋಮಾರಿತನ ಮಾಡಿದವರದೇ ಕೋವಿ ಹಂದಿ ಎದುರು ನಿಂತಾಗ 'ಟಿಕ್' ಎಂದು ಸುಮ್ಮನಾಗುವುದು.

ಇನ್ನು ಮದ್ದು. ಹಿಡಿಯನ್ನು ನೆಲಕ್ಕೆ ಊರಿ, ಬಾಯನ್ನು ಮುಖದಿಂದ, ಮೈಯಿಂದ ಆಚೆಗೆ ಓರೆ ಮಾಡಿ. ಮದ್ದನ್ನು ಡಬ್ಬಿಯಿಂದ ನೇರವಾಗಿ ನಳಿಗೆಗೆ ಸುರಿಯಲೇಬಾರದು. ಹಿಂದಿನ ಈಡಿನ ಒಂದು ಕಿಡಿ ತಳದಲ್ಲಿ ಉಳಿದಿದ್ದರೆ ಸುರಿಯುವ ಧಾರೆಯ ಮೂಲಕ ಬೆಂಕಿ ಕೈಯಲ್ಲಿರುವ ಡಬ್ಬಿಗೇ ಏರುತ್ತದೆ. ಅಳತೆಯ ಪುಟ್ಟ ಕೊಳವೆಗೆ ಮೊದಲು ಸುರಿದುಕೊಂಡು, ಡಬ್ಬಿಯ ಮುಚ್ಚಳ ಹಾಕಿ ದೂರ ಇಟ್ಟು, ಕೊಳವೆಯಿಂದ ನಳಿಗೆಗೆ ಹಾಕಬೇಕು. ಅಳತೆ ಎಷ್ಟು ಎಂದು ಪತ್ರಿಕೆಯಲ್ಲಿ ಬರೆಯುವುದು ತಪ್ಪಾಗುತ್ತದೆ, ಏಕೆಂದರೆ ನಳಿಗೆಯ ಒಳಸುತ್ತು, ಅದರ ದಪ್ಪ, ವಯಸ್ಸು, ಮದ್ದಿನ ಕಾಳಿನ ಗಾತ್ರ ಇವೆಲ್ಲದರ ಮೇಲೆ ಅದು ನಿಂತಿದೆ. ಕೋವಿಯನ್ನು ಲೈಸೆನ್ಸ್ ಇರುವ ರಿಪೇರಿದಾರನಿಗೆ ತೋರಿಸಿ ಅಳತೆ ಗೊತ್ತು ಮಾಡಿಕೊಳ್ಳಿ, ಆ ಅಳತೆಗೆ ಸರಿಯಾದ ಒಂದು ಹಿತ್ತಾಳೆ ಕೊಳವೆ ಮಾಡಿಸಿಕೊಳ್ಳಿ. ಅಂಗೈ ಗುಳಿಯಲ್ಲಿ ಅಂದಾಜು ಮಾಡುವ ಪದ್ಧತಿ ಬಿಟ್ಟುಬಿಡಿ. ಕತ್ತಲಲ್ಲಿ, ಹೆದರಿಕೆಯಲ್ಲಿ ಅಂಗೈ ದೊಡ್ಡದಾಗುತ್ತದೆ. ಮದ್ದು ಜಾಸ್ತಿಯಾದರೆ ಗುಂಡು ದೂರ ಹೋಗುತ್ತದೆಂಬುದೂ ಭ್ರಮೆ. ಒಂದು ಮಿತಿ ದಾಟಿದ ಮೇಲೆ ಹೆಚ್ಚುವರಿ ಮದ್ದು ನಳಿಗೆಯಾಚೆ ಉರಿದು ಹೊಗೆಯಾಗುತ್ತದೆ, ಭುಜಕ್ಕೆ ಒದೆ ಮಾತ್ರ ಜೋರಾಗಿ ಸಿಗುತ್ತದೆ.

ಮದ್ದಿನ ಮೇಲೆ ತೆಂಗಿನ ನಾರಿನ ಕತ್ತವನ್ನೋ ದಪ್ಪ ಕಾಗದದ ಬಿಲ್ಲೆಯನ್ನೋ ಇಟ್ಟು ಗಜದಿಂದ ಒತ್ತಿ ಕೂರಿಸುವುದು ವಾಡಿಕೆ. ಅದರ ಮೇಲೆ ಗುಂಡು ಅಥವಾ ಚರೆ, ಅದು ಉರುಳಿ ಬೀಳದಂತೆ ಇನ್ನೊಂದು ತೆಳು ಬಿಲ್ಲೆ. ಇಲ್ಲಿ ಒಂದೇ ಒಂದು ಮಾತು ಮನಸ್ಸಿನಲ್ಲಿರಬೇಕು: ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಇರಬಾರದು. ಗುಂಡು ಅರ್ಧಕ್ಕೇ ಸಿಕ್ಕಿಕೊಂಡು ಕೆಳಗೆ ಮದ್ದು ಉರಿದರೆ, ಆ ಗುಂಡೇ ನಳಿಗೆಗೆ ಬಿರಡೆಯಾಗಿ, ನಳಿಗೆ ಅಲ್ಲೇ ಉಬ್ಬುತ್ತದೆ, ಇಲ್ಲವೇ ಒಡೆಯುತ್ತದೆ. ಗಜ ಎರಡನೇ ಗೀರಿಗೆ ಬಂದು ನಿಲ್ಲುವವರೆಗೆ ಒತ್ತಬೇಕು. ಒತ್ತಬೇಕೇ ಹೊರತು ಕುಟ್ಟಬಾರದು. ಗಜವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿಯದೆ ಬೆರಳುಗಳಲ್ಲಿ ಹಿಡಿದು, ಗೇಣುಗೇಣಾಗಿ ಇಳಿಸಿ. ಅಂಗೈ ಗಜದ ತಲೆಯ ಮೇಲೆ ಬರದಂತೆ ನೋಡಿಕೊಳ್ಳಿ. ಕೆಲಸ ಮುಗಿದ ಕೂಡಲೇ ಗಜವನ್ನು ಹೊರಗೆ ತೆಗೆಯಿರಿ. ಗಡಿಬಿಡಿಯಲ್ಲಿ ಗಜವನ್ನು ನಳಿಗೆಯಲ್ಲೇ ಬಿಟ್ಟು ಹೊಡೆದರೆ ಅದು ಭರ್ಚಿಯಂತೆ ಹೋಗುತ್ತದೆ.

ಕೇಪು ಎಲ್ಲಕ್ಕಿಂತ ಕೊನೆಗೆ. ಮಾಳ ಹತ್ತಿ ಕೂತು, ಬಾಯಿ ಯಾವ ದಿಕ್ಕಿಗಿದೆ ಎಂದು ನೋಡಿಕೊಂಡು, ಹೊಡೆಯುವ ಸಂದರ್ಭ ಎದುರಿಗೆ ಬಂದಾಗಷ್ಟೇ ಕುದುರೆಯನ್ನು ಅರ್ಧಕ್ಕೆ ಎಳೆದು ಕೇಪು ಕೂರಿಸಿ. ಮಾಳ ಹತ್ತುವಾಗ, ಇಳಿಯುವಾಗ, ಬೇಲಿ ದಾಟುವಾಗ, ಬೈಕಿನ ಹಿಂದೆ ಕೂತಾಗ ಕೇಪು ನಿಪ್ಪಲ್ ಮೇಲೆ ಇರಕೂಡದು. ಕುದುರೆ ಅರ್ಧಕ್ಕೆ ನಿಂತಿದೆಯಲ್ಲ ಎಂದು ನೆಚ್ಚಿಕೊಳ್ಳಬೇಡಿ. ಹಳೆಯ ಕೋವಿಗಳಲ್ಲಿ ಆ ಹಲ್ಲು ಸವೆದು, ಒಂದು ಜರ್ಕಿಗೇ ಕುದುರೆ ಬೀಳುವುದುಂಟು. ಕೇಪು ಸಡಿಲವಾಗಿದ್ದರೆ ಹಿಂಡಿ ಕೂರಿಸಬೇಡಿ, ಸರಿಯಾದ ಅಳತೆಯದನ್ನು ತನ್ನಿ. ಹೊಡೆದಾಗ ಕೇಪಿನ ತಾಮ್ರ ಚೂರುಚೂರಾಗಿ ಹಾರುತ್ತದೆ. ಹತ್ತಿಪ್ಪತ್ತು ರೂಪಾಯಿ ಉಳಿಸಲು ಕಣ್ಣು ಕಳೆದುಕೊಳ್ಳುವ ಬದಲು ಒಂದು ಸಾದಾ ಕನ್ನಡಕ ಹಾಕಿಕೊಂಡು ಹೊಡೆಯಿರಿ.

ಕತ್ತಲಲ್ಲಿ ಸದ್ದು ಬಂದ ಕಡೆಗೆ ಹೊಡೆಯುವ ಅಭ್ಯಾಸದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಹಂದಿ ಎಂದು ತಿಳಿದು ಮನುಷ್ಯನಿಗೆ ಹೊಡೆದ ಸುದ್ದಿ ಮಲೆನಾಡಿನ ಪತ್ರಿಕೆಗಳಿಗೆ ಹೊಸದೇನಲ್ಲ. ಸತ್ತವನು ಬಹುತೇಕ ಪಕ್ಕದ ಗದ್ದೆಯವನೇ ಆಗಿರುತ್ತಾನೆ, ಅವನೂ ಹಂದಿ ಕಾಯಲೆಂದೇ ಬಂದವನು. ಬ್ಯಾಟರಿ ಬೆಳಕಿನಲ್ಲಿ ಏನಿದೆ ಎಂದು ಕಣ್ಣಾರೆ ಕಾಣದೆ ಟ್ರಿಗರ್ ಮುಟ್ಟಬೇಡಿ. ನನ್ನ ಅಭಿಪ್ರಾಯ ಕೇಳಿದರೆ, ನಮ್ಮ ಸೀಮೆಯ ರೈತನಿಗೆ ಈ ಕೋವಿಯಿಂದ ಬೇಕಾದ್ದು ಸದ್ದು ಮಾತ್ರ. ಗುಂಡಿಲ್ಲದೆ ಬರೀ ಮದ್ದು, ಕತ್ತ ಹಾಕಿ ಆಕಾಶದತ್ತ ಹೊಡೆದರೂ ಕಣಿವೆಯಿಡೀ ಮೊಳಗುತ್ತದೆ, ಹಂದಿಹಿಂಡು ಚದುರುತ್ತದೆ. ಹಾಗೆ ಹೊಡೆಯುವಾಗಲೂ ಕತ್ತ ಉರಿಯುತ್ತಾ ಬೀಳುತ್ತದೆಂಬ ನೆನಪಿರಲಿ. ಬೇಸಿಗೆಯ ಒಣಹುಲ್ಲಿನಲ್ಲಿ, ಬಣವೆಯ ಹತ್ತಿರ ಅದು ಬೆಂಕಿಗೆ ದಾರಿ.

ಹೊತ್ತಿಕೊಳ್ಳದೆ ಹೋದಾಗ

ಕುದುರೆ ಬಿತ್ತು, ಕೇಪು ಸಿಡಿಯಿತು, ಈಡು ಹೊರಡಲಿಲ್ಲ. ಮನುಷ್ಯ ಸಹಜವಾಗಿ ಮಾಡುವುದೇನು? ಕೋವಿ ಇಳಿಸಿ ಬಾಯಿಯೊಳಗೆ ಇಣುಕುವುದು. ಅದನ್ನೊಂದು ಮಾಡಬೇಡಿ. ಒದ್ದೆ ಮದ್ದು ತಳದಲ್ಲಿ ಬೂದಿ ಮುಚ್ಚಿದ ಕೆಂಡದಂತೆ ಕೆಲವು ಕ್ಷಣ ಉರಿದು ತಡವಾಗಿ ಸಿಡಿಯಬಹುದು. ಬಾಯನ್ನು ಗುರಿಯತ್ತಲೇ ಹಿಡಿದು ಕನಿಷ್ಠ ಒಂದು ನಿಮಿಷ ಕಾಯಿರಿ. ಆಮೇಲೆ ಹಳೆಯ ಕೇಪಿನ ಚೂರು ತೆಗೆದು, ತೂತು ಬಿಡಿಸಿ, ಹೊಸ ಕೇಪು ಹಾಕಿ ಮತ್ತೆ ಹೊಡೆಯಿರಿ. ಎರಡು ಮೂರು ಕೇಪಿಗೂ ಬಗ್ಗದಿದ್ದರೆ ಮದ್ದು ನೆನೆದಿದೆ, ಅಥವಾ ಮದ್ದು ಹಾಕದೆಯೇ ಗುಂಡು ಕೂರಿಸಿದ್ದೀರಿ. ನಗಬೇಡಿ, ಇದು ಬಹಳ ಸಾಮಾನ್ಯ. ಆಗ ಕೇಪು ತೆಗೆದು, ನಳಿಗೆಗೆ ನೀರು ಹೊಯ್ದು ಮದ್ದನ್ನು ಪೂರ್ತಿ ನೆನೆಸಿ, ರಿಪೇರಿದಾರನ ಬಳಿಗೆ ಒಯ್ಯಿರಿ. ಅವನಲ್ಲಿ ಗಜದ ತುದಿಗೆ ಸಿಕ್ಕಿಸುವ ತಿರುಪಿನ ಕೊಕ್ಕೆ ಇರುತ್ತದೆ. ಕಾಯಿಸಿ, ಬಡಿದು, ಕಂಬಿ ತುರುಕಿ ತೆಗೆಯುವ ಸಾಹಸ ಬೇಡ.

ಒಂದು ಈಡಿನ ಬೆನ್ನಿಗೇ ಇನ್ನೊಂದು ಈಡು ತುಂಬುವ ಅವಸರವೂ ಬೇಡ. ಮೊದಲು ಒದ್ದೆ ಬಟ್ಟೆ ಸುತ್ತಿದ ಗಜವನ್ನು ಒಮ್ಮೆ ತಳದವರೆಗೆ ಆಡಿಸಿ. ಉಳಿದ ಕಿಡಿ ಆರುತ್ತದೆ, ಮಸಿಯೂ ಸ್ವಲ್ಪ ಕರಗಿ ಮುಂದಿನ ಗುಂಡು ಸಲೀಸಾಗಿ ಇಳಿಯುತ್ತದೆ. ಆಮೇಲೆ ಒಣಬಟ್ಟೆಯಿಂದ ಒರೆಸಿಯೇ ಮದ್ದು.

ಮಳೆಗಾಲ

ಕರಿಮದ್ದು ಉರಿದ ಮೇಲೆ ನಳಿಗೆಯಲ್ಲಿ ಉಳಿಯುವ ಮಸಿಯಲ್ಲಿ ಲವಣಗಳಿರುತ್ತವೆ. ಅವು ಗಾಳಿಯ ತೇವವನ್ನು ಹೀರುತ್ತವೆ. ಬಯಲುಸೀಮೆಯಲ್ಲಿ ಎರಡು ದಿನ ಬಿಟ್ಟರೂ ಏನೂ ಆಗದಿರಬಹುದು. ಉಳವಿಯ ಜುಲೈ ತಿಂಗಳಿನಲ್ಲಿ ರಾತ್ರಿ ಹೊಡೆದು ಬೆಳಿಗ್ಗೆ ನೋಡಿದರೆ ನಳಿಗೆಯ ಬಾಯಲ್ಲಿ ಕೆಂಪು ತುಕ್ಕು ಎದ್ದಿರುತ್ತದೆ. ಆದ್ದರಿಂದ ಎಷ್ಟೇ ನಿದ್ದೆ ಬಂದಿದ್ದರೂ ಅದೇ ರಾತ್ರಿ ತೊಳೆಯಬೇಕು. ಇದಕ್ಕೆ ದುಬಾರಿ ಔಷಧ ಬೇಕಿಲ್ಲ, ಬಿಸಿನೀರು ಸಾಕು. ನಿಪ್ಪಲ್ಲನ್ನು ಕೀಲಿಯಿಂದ ಬಿಚ್ಚಿ, ನಳಿಗೆಯ ಬುಡವನ್ನು ಬಿಸಿನೀರಿನ ಬಾಲ್ದಿಯಲ್ಲಿಟ್ಟು, ಬಟ್ಟೆ ಸುತ್ತಿದ ಗಜವನ್ನು ಮೇಲೆ ಕೆಳಗೆ ಆಡಿಸಿದರೆ ನೀರು ತೂತಿನಿಂದ ಒಳಗೆ ಹೊರಗೆ ಓಡಾಡಿ ಮಸಿಯನ್ನೆಲ್ಲ ತರುತ್ತದೆ. ಬರುವ ನೀರು ತಿಳಿಯಾಗುವವರೆಗೂ ಬಿಡಬೇಡಿ. ಬಿಸಿನೀರಿಗೆ ಕಬ್ಬಿಣ ಕಾದಿರುವುದರಿಂದ ತೇವ ತಾನಾಗಿಯೇ ಬೇಗ ಆರುತ್ತದೆ. ಪೂರ್ತಿ ಒಣಗಿದ ಮೇಲೆ ತೆಳುವಾಗಿ ಹೊಲಿಗೆ ಯಂತ್ರದ ಎಣ್ಣೆ ಸವರಿ. ಕೊಬ್ಬರಿ ಎಣ್ಣೆ ಹಚ್ಚುವವರಿದ್ದಾರೆ. ಅದು ಚಳಿಗೆ ಹೆಪ್ಪುಗಟ್ಟಿ, ದಿನ ಕಳೆದಂತೆ ಅಂಟಾಗಿ, ಧೂಳು ಹಿಡಿಯುತ್ತದೆ. ಸೀಸದ ಗುಂಡು, ಚರೆ ಮುಟ್ಟಿದ ಕೈಯನ್ನು ಊಟಕ್ಕೆ ಮುಂಚೆ ಸೋಪು ಹಚ್ಚಿ ತೊಳೆಯಬೇಕೆಂಬುದನ್ನೂ ಇಲ್ಲೇ ಸೇರಿಸಿಬಿಡುತ್ತೇನೆ.

ಮದ್ದನ್ನು ಒಲೆಯ ಮೇಲಿನ ಅಟ್ಟದಲ್ಲಿಟ್ಟು ಒಣಗಿಸುವ ರೂಢಿ ಕೆಲವು ಮನೆಗಳಲ್ಲಿದೆ. ಅಡಿಕೆಗೆ ಅದು ಸರಿ. ಮದ್ದಿಗೆ ಬಿಗಿ ಮುಚ್ಚಳದ ಡಬ್ಬಿ, ಒಲೆಯಿಲ್ಲದ ಕೋಣೆ, ಬೀಗದ ಪೆಟ್ಟಿಗೆ. ಕೇಪನ್ನು ಮದ್ದಿನ ಜೊತೆ ಒಂದೇ ಡಬ್ಬಿಯಲ್ಲಿ ಇಡಬಾರದು. ಮಕ್ಕಳ ಕೈಗೂ ಕೇಪು ಸಿಗಬಾರದು, ಅವರು ಅದನ್ನು ದೀಪಾವಳಿಯ ರೋಲ್ ಕೇಪು ಎಂದುಕೊಂಡು ಕಲ್ಲಿನಲ್ಲಿ ಜಜ್ಜುತ್ತಾರೆ.

ಉಳವಿಯಲ್ಲಿ ಕಾನೂನು ಇನ್ನಷ್ಟು ಬಿಗಿ

ಉಳವಿ ಸಾಮಾನ್ಯ ಊರಲ್ಲ. ಹನ್ನೆರಡನೇ ಶತಮಾನದ ಕಲ್ಯಾಣದ ಗಲಭೆಯ ನಂತರ ಶರಣರೊಡನೆ ಬಂದ ಚನ್ನಬಸವಣ್ಣನ ಸಮಾಧಿ ಇರುವ ಕ್ಷೇತ್ರ. ಮಾಘ ಮಾಸದ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಯಿಂದ ಚಕ್ಕಡಿಗಳು ಕಾಡುದಾರಿ ಹಿಡಿದು ಬರುತ್ತವೆ. ಸುತ್ತಲೂ ಇರುವುದು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ದಾಂಡೇಲಿ ಅಭಯಾರಣ್ಯ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನ ಸೇರಿ 2007ರಲ್ಲಿ ಹುಲಿ ಯೋಜನೆಗೆ ಸೇರಿದವು, 2015ರಲ್ಲಿ ಕಾಳಿ ಎಂಬ ಹೆಸರು ಬಂತು. ಇದರಿಂದ ಕೋವಿ ಇಟ್ಟುಕೊಂಡವರಿಗೆ ಬೇರೆಡೆ ಇಲ್ಲದ ಕೆಲವು ಕಟ್ಟುಪಾಡುಗಳಿವೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೇ ಕಲಮಿನ ಪ್ರಕಾರ ಅಭಯಾರಣ್ಯದ ಒಳಗೆ ಅಥವಾ ಅದರಿಂದ 10 ಕಿಲೋಮೀಟರ್ ಒಳಗೆ ವಾಸಿಸುವ ಲೈಸೆನ್ಸ್‌ದಾರರು ತಮ್ಮ ಆಯುಧವನ್ನು ಮುಖ್ಯ ವನ್ಯಜೀವಿ ಪರಿಪಾಲಕರಲ್ಲಿ ನೋಂದಾಯಿಸಬೇಕು. ಆ ವ್ಯಾಪ್ತಿಯಲ್ಲಿ ಹೊಸ ಲೈಸೆನ್ಸ್ ಕೊಡಬೇಕಾದರೆ ಅವರ ಪೂರ್ವಸಮ್ಮತಿ ಬೇಕು. ಕಾರವಾರದ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವವರು, ಕಡತ ಅರಣ್ಯ ಇಲಾಖೆಯ ಮೇಜಿನ ಮೇಲಿದೆಯೇ ಎಂದೊಮ್ಮೆ ವಿಚಾರಿಸುವುದು ಒಳ್ಳೆಯದು. 31ನೇ ಕಲಂ ಇನ್ನೂ ಮುಖ್ಯ: ಪೂರ್ವಾನುಮತಿ ಇಲ್ಲದೆ ಅಭಯಾರಣ್ಯದೊಳಕ್ಕೆ ಆಯುಧ ಒಯ್ಯುವಂತಿಲ್ಲ. ಲೈಸೆನ್ಸ್ ಜೇಬಿನಲ್ಲಿದ್ದರೂ ಅಷ್ಟೇ. ರಿಪೇರಿಗೆಂದು ಕೋವಿಯನ್ನು ದಾಂಡೇಲಿಗೆ ಒಯ್ಯುವಾಗ ಕಾಡಿನ ರಸ್ತೆ ಹಿಡಿಯಬೇಕಾದವರು ಮೊದಲು ವಲಯ ಅರಣ್ಯ ಕಚೇರಿಯಲ್ಲಿ ಕೇಳಿ, ಬರಹದಲ್ಲಿ ಪಡೆದುಕೊಂಡು ಹೊರಡಿ. ತನಿಖಾ ಗೇಟಿನಲ್ಲಿ ವಾದ ಮಾಡಿ ಗೆದ್ದವರು ಕಡಿಮೆ.

ಬೆಳೆ ರಕ್ಷಣೆಯ ಲೈಸೆನ್ಸ್ ಎಂದರೆ ಬೇಟೆಯ ಪರವಾನಗಿ ಎಂದು ತಿಳಿದವರು ಇನ್ನೂ ಇದ್ದಾರೆ. ನಿಮ್ಮ ಗದ್ದೆಯೊಳಗೇ ಆದರೂ, ಅನುಮತಿ ಇಲ್ಲದೆ ಕಾಡುಪ್ರಾಣಿ ಕೊಂದರೆ ವನ್ಯಜೀವಿ ಕಾಯ್ದೆಯ ಮೊಕದ್ದಮೆ. ಬೆಳೆ ಹೋದದ್ದಕ್ಕೆ ವಲಯ ಅರಣ್ಯ ಕಚೇರಿಯಲ್ಲಿ ಅರ್ಜಿ ಕೊಟ್ಟರೆ ಪರಿಹಾರ ಉಂಟು. ಅದು ತಡವಾಗಿ ಬರುತ್ತದೆ, ಆದ ನಷ್ಟಕ್ಕೆ ಸಾಲುವುದಿಲ್ಲ ಎಂಬ ದೂರು ನ್ಯಾಯವಾದದ್ದೇ. ಆದರೂ ತುಳಿದ ಗದ್ದೆಯ ಫೋಟೊ, ಪಹಣಿ ಇಟ್ಟುಕೊಂಡು ಅರ್ಜಿ ಹಾಕಿ. ಕೋವಿಯನ್ನು ಬೇಲಿಗೆ ಕಟ್ಟಿ, ಟ್ರಿಗರಿಗೆ ದಾರ ಬಿಗಿದು ಹಂದಿಯ ದಾರಿಗೆ ಅಡ್ಡ ಹಾಯಿಸುವ ಕೆಲಸಕ್ಕಂತೂ ಕ್ಷಮೆಯೇ ಇಲ್ಲ. ದಾರಕ್ಕೆ ಹಂದಿ ಯಾವುದು, ಗೌಳಿಗರ ಎಮ್ಮೆ ಯಾವುದು, ಸೊಪ್ಪು ತರಲು ಹೊರಟ ಹೆಂಗಸು ಯಾರು ಎಂದು ತಿಳಿಯುವುದಿಲ್ಲ.

'ಕೊಡಗಿನವರಿಗೆ ಲೈಸೆನ್ಸೇ ಬೇಡವಂತೆ' ಎಂಬ ಮಾತು ನಮ್ಮ ಕಡೆಯ ಚಹಾದಂಗಡಿಗಳಲ್ಲಿ ಆಗಾಗ ಬರುತ್ತದೆ. ನಿಜ, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿ ಕೋವಿ ಪೂಜೆಗೂ ಸಲ್ಲುತ್ತದೆ, ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆಗೂ ಸಲ್ಲುತ್ತದೆ. ಉತ್ತರ ಕನ್ನಡಕ್ಕೆ ಆ ವಿನಾಯಿತಿ ಇಲ್ಲ. ಇತಿಹಾಸ ನೋಡಿದರೆ ಉತ್ತರದ ಕಡೆಯ ನಮಗೆ ಸಿಕ್ಕಿದ್ದು ಬೇರೆಯೇ: 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಕಾಯ್ದೆ ಬಂದಾಗ ಮುಧೋಳದ ಹತ್ತಿರದ ಹಲಗಲಿಯ ಬೇಡರು ಒಪ್ಪದೆ ನಿಂತು ಪ್ರಾಣ ಕೊಟ್ಟರು. ಅದರ ಬೆನ್ನಿಗೇ 1858-59ರಲ್ಲಿ ಸೂಪಾದ ಕಾಡುಗಳಲ್ಲಿ, ಅಂದರೆ ಇಂದಿನ ಜೋಯಿಡಾ ತಾಲ್ಲೂಕಿನಲ್ಲೇ, ಫಡ್ನೀಸ ಸಹೋದರರೂ ಸಿದ್ದಿ ಬಸ್ತ್ಯಾನನೂ ಬಂಡೆದ್ದರು.

ಕಾಗದಪತ್ರದ ವಿಷಯ ಚುಟುಕಾಗಿ ಮುಗಿಸುತ್ತೇನೆ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಲೈಸೆನ್ಸಿನ ಅವಧಿ ಮೂರರ ಬದಲು ಐದು ವರ್ಷ, ಒಬ್ಬರಿಗೆ ಗರಿಷ್ಠ ಎರಡು ಆಯುಧ. ಮದುವೆ, ಜಾತ್ರೆಗಳಲ್ಲಿ ಸಂಭ್ರಮಕ್ಕೆಂದು ಹೊಡೆದು ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸಲು ಆದೇಶ ಬರುತ್ತದೆ. ಬೆಳೆ ಕಾಯುವ ಕಾಲವಾಗಿದ್ದರೆ ಜಿಲ್ಲೆಯ ಪರಿಶೀಲನಾ ಸಮಿತಿಗೆ ವಿನಾಯಿತಿ ಕೇಳಿ ಅರ್ಜಿ ಕೊಡಲು ಅವಕಾಶವಿದೆ. ಒಪ್ಪಿಸುವ ಮುನ್ನ ಕೋವಿ ಖಾಲಿ ಮಾಡಿ, ರಸೀದಿ ಪಡೆಯಿರಿ, ಕೋವಿಯ ಮೇಲಿನ ನಂಬರ್ ರಸೀದಿಯಲ್ಲಿ ಸರಿಯಾಗಿ ಬರೆದಿದೆಯೇ ನೋಡಿ.

ಅಮೆರಿಕದ ಮಗನ ರಿವಾಲ್ವರ್

ಈ ಕಡೆಯ ಮನೆಗಳಿಂದಲೂ ಮಕ್ಕಳು ಅಮೆರಿಕ ಸೇರಿದ್ದಾರೆ. ಅಲ್ಲಿ ಕೆಲವರು ವಾರಾಂತ್ಯದ ಹವ್ಯಾಸಕ್ಕೆ ಕೇಪಿನ ರಿವಾಲ್ವರ್ ಕೊಳ್ಳುತ್ತಾರೆ. ಸ್ಯಾಮ್ಯುಯೆಲ್ ಕೋಲ್ಟನ 1851ರ ನೇವಿ, 1860ರ ಆರ್ಮಿ, ರೆಮಿಂಗ್ಟನ್‌ನ 1858 ಎಂದು ಹೆಸರಾದ ಮಾದರಿಗಳ ಪ್ರತಿರೂಪಗಳನ್ನು ಇಟಲಿಯ ಉಬರ್ಟಿ, ಪಿಯೆಟ್ಟಾ ಕಂಪನಿಗಳು ಮಾಡುತ್ತವೆ. ಅಮೆರಿಕದ 1968ರ ಕೇಂದ್ರ ಕಾಯ್ದೆ ಇವನ್ನು ಪುರಾತನ ಆಯುಧದ ಲೆಕ್ಕಕ್ಕೆ ಸೇರಿಸುವುದರಿಂದ ಎಷ್ಟೋ ರಾಜ್ಯಗಳಲ್ಲಿ ಸಲೀಸಾಗಿ ಸಿಗುತ್ತವೆ. ರಾಜ್ಯದಿಂದ ರಾಜ್ಯಕ್ಕೆ ನಿಯಮ ಬದಲಾಗುತ್ತದೆ.

ಅದನ್ನು ತುಂಬುವುದೂ ಇದೇ ತರ್ಕದ ಮೇಲೆ: ಕೋವಿಯ ಒಂದು ನಳಿಗೆಯ ಬದಲು ತಿರುಗುವ ಸಿಲಿಂಡರಿನಲ್ಲಿ ಆರು ಪುಟ್ಟ ಕೋಣೆಗಳು. ಕುದುರೆಯನ್ನು ಅರ್ಧಕ್ಕೆಳೆದರೆ ಸಿಲಿಂಡರ್ ಸಲೀಸಾಗಿ ತಿರುಗುತ್ತದೆ. ಪ್ರತಿ ಕೋಣೆಗೂ ಅಳತೆಯ ಕರಿಮದ್ದು, ಅದರ ಮೇಲೆ ಕೋಣೆಗಿಂತ ಒಂದು ಕೂದಲು ದಪ್ಪನೆಯ ಸೀಸದ ಗುಂಡು. 36 ಕ್ಯಾಲಿಬರಿಗೆ ಸಾಮಾನ್ಯವಾಗಿ 0.375 ಇಂಚಿನದು, 44ಕ್ಕೆ 0.451 ಅಥವಾ 0.454 ಇಂಚಿನದು. ನಳಿಗೆಯ ಕೆಳಗಿನ ಸನ್ನೆಯನ್ನು ಒತ್ತಿದಾಗ ಗುಂಡಿನ ಅಂಚಿನಿಂದ ಸೀಸದ ಒಂದು ತೆಳು ಉಂಗುರ ಹೆರೆದು ಬೀಳಬೇಕು. ಬಿದ್ದರೆ ಗುಂಡು ಬಿಗಿಯಾಗಿ ಕೂತಿದೆ. ಬೀಳದಿದ್ದರೆ ಗುಂಡು ಚಿಕ್ಕದು. ಆಗ ಒಂದು ಕೋಣೆಯ ಬೆಂಕಿ ಪಕ್ಕದ ಕೋಣೆಗಳಿಗೆ ಹಾರಿ ಎಲ್ಲವೂ ಒಟ್ಟಿಗೇ ಸಿಡಿಯುವ ಅಪಾಯ. ಅದಕ್ಕೇ ಗುಂಡಿನ ಕೆಳಗೆ ಎಣ್ಣೆ ಹೀರಿದ ಉಣ್ಣೆಯ ಬಿಲ್ಲೆ ಇಡುತ್ತಾರೆ, ಇಲ್ಲವೇ ಮೇಲೆ ಗ್ರೀಸ್ ಸವರುತ್ತಾರೆ. ಸಡಿಲವಾದ ಕೇಪಿನಿಂದಲೂ ಹೀಗಾಗುವುದುಂಟು. ಕೇಪು ಇಲ್ಲೂ ಕೊನೆಗೇ, ಅದೂ ಗುರಿಕಟ್ಟೆಯ ಎದುರು ನಿಂತ ಮೇಲೆ. ತಿಳಿದವರು ಐದು ಕೋಣೆ ಮಾತ್ರ ತುಂಬಿ, ಖಾಲಿ ಬಿಟ್ಟ ಆರನೆಯದರ ಮೇಲೆ ಕುದುರೆ ಇಳಿಸುತ್ತಾರೆ. ಹಿತ್ತಾಳೆ ಚೌಕಟ್ಟಿನ ಮಾದರಿಗಳು ಅಗ್ಗ, ಆದರೆ ಜಾಸ್ತಿ ಮದ್ದು ತಾಳಲಾರವು.

ಇದನ್ನೆಲ್ಲ ಹೇಳಿದ್ದು ಒಂದು ಕಾರಣಕ್ಕೆ. ರಜೆಗೆ ಬರುವಾಗ ಸೂಟ್‌ಕೇಸಿನಲ್ಲಿ ಇದನ್ನು ತಂದು ಊರಲ್ಲಿ ತೋರಿಸುವ ಆಸೆ ಹುಟ್ಟಬಹುದು. ಬೇಡ. ಹೊಡೆಯಬಲ್ಲ ಪ್ರತಿರೂಪ ಭಾರತದಲ್ಲಿ ಪೂರ್ತಿ ಬಂದೂಕೇ. ಲೈಸೆನ್ಸ್ ಇಲ್ಲದೆ ವಿಮಾನ ನಿಲ್ದಾಣದಲ್ಲಿ ಸಿಕ್ಕರೆ ಕಸ್ಟಮ್ಸ್, ಪೊಲೀಸ್ ಎರಡೂ ಕಡೆ ಪ್ರಕರಣ. ನಮ್ಮ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಂ ಬಿಡುವುದು, ರಿಪೇರಿ ಮಾಡಿದರೂ ಹೊಡೆಯಲಾಗದಷ್ಟು ಕೆಟ್ಟ, ಹಳೆಯ ಪುರಾತನ ಆಯುಧಗಳನ್ನು ಮಾತ್ರ.

ಅಟ್ಟದ ಮೇಲಿನ ಕೋವಿ

ಕೊನೆಯದಾಗಿ, ಮನೆಯ ಹಿರಿಯರು ತೀರಿಕೊಂಡಾಗ. ಲೈಸೆನ್ಸ್ ಅವರ ಹೆಸರಿನದು, ಅವರೊಂದಿಗೆ ಅದು ಮುಗಿಯಿತು. ತಿಥಿ ಮುಗಿಯಲಿ, ಆಸ್ತಿ ಪಾಲಾಗಲಿ ಎಂದು ಅಟ್ಟದ ಮೇಲೆ ಇಟ್ಟುಕೊಂಡ ಕೋವಿ ಅಕ್ರಮ ಆಯುಧವಾಗಿ ಬಿಡುತ್ತದೆ. ಠಾಣೆಗೋ ಲೈಸೆನ್ಸ್ ಇರುವ ಡೀಲರಿಗೋ ಒಪ್ಪಿಸಿ ರಸೀದಿ ಪಡೆದು, ವಾರಸುದಾರರಲ್ಲಿ ಒಬ್ಬರು ಅರ್ಜಿ ಹಾಕಬೇಕು. ಸಾವಿನವರೆಗೆ ಕಾಯಬೇಕೆಂದೂ ಇಲ್ಲ: 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದರೆ, ಅಥವಾ ಕೋವಿ ಅವರಲ್ಲಿ 25 ವರ್ಷ ಇದ್ದರೆ, ತಾವು ಸೂಚಿಸಿದ ವಾರಸುದಾರರಿಗೆ ಲೈಸೆನ್ಸ್ ಕೊಡುವಂತೆ ಬದುಕಿದ್ದಾಗಲೇ ಕೇಳಬಹುದು. ಮಾಳಕ್ಕೆ ಹೋಗುವ ಶಕ್ತಿ ಇಲ್ಲದ ಅಜ್ಜಂದಿರಿಗೆ ಇದು ಒಳ್ಳೆಯ ದಾರಿ. ಗಜದ ಮೇಲಿನ ಗೀರುಗಳ ಅರ್ಥವನ್ನೂ ಆಗಲೇ ಹೇಳಿಕೊಡಬಹುದು.

ಆ ಅಟ್ಟದ ಕೋವಿ ಯಾವಾಗ ತುಂಬಿದ್ದು, ಖಾಲಿ ಇದೆಯೇ ಎಂದು ಹೇಳುವವರು ಯಾರೂ ಇಲ್ಲದಿದ್ದರೆ, ತುಂಬಿದೆ ಎಂದೇ ತಿಳಿಯಿರಿ. ಹಿಂದಿನವರು ಮರುದಿನ ಬೇಕಾಗುತ್ತದೆಂದು ಮದ್ದು ತುಂಬಿಯೇ ಗೋಡೆಗೆ ಒರಗಿಸುತ್ತಿದ್ದರು. ಬಿಗಿಯಾಗಿ ಒಣಗಿ ಕೂತ ಕರಿಮದ್ದು ಹತ್ತಾರು ವರ್ಷವಾದರೂ ಹೊತ್ತಿಕೊಳ್ಳಬಲ್ಲದು. ಕುದುರೆ ಎಳೆದು ನೋಡಬೇಡಿ, ಮಕ್ಕಳ ಕೈಗೆ ಕೊಟ್ಟು ಫೋಟೊ ತೆಗೆಯಬೇಡಿ. ಜೋಯಿಡಾ, ಹಳಿಯಾಳ, ದಾಂಡೇಲಿ, ಮುಂಡಗೋಡ, ಯಾವುದು ಹತ್ತಿರವೋ ಆ ಠಾಣೆಗೆ ಫೋನ್ ಮಾಡಿ, 'ಕೋವಿ ಸಿಕ್ಕಿದೆ, ಒಳಗೆ ಈಡು ಇರಬಹುದು' ಎಂದು ಎರಡನೆಯ ಮಾತನ್ನೂ ಮರೆಯದೆ ಹೇಳಿ.